ಮರದಡಿಯ ಬೊಚ್ಚುಬಾಯಿ

ಏಪ್ರಿಲ್ ೬

ಪುಟ್ಟಿಗೆ ಅಕ್ಕನ ಆಶೀರ್ವಾದ.

ನಾನು ಕ್ಷೇಮ, ಆಪರೇಷನ್ ಆದ ಮಂಡಿಯೂ ಕ್ಷೇಮ. ಇದನ್ನು ಫೋನಿನಲ್ಲೇ ಹೇಳಬಾರದೇ ಎಂದು ಕೇಳಬೇಡ. ಇಷ್ಟು ವರ್ಷ ಲಾನ್ ಕತ್ತರಿಸುವ ಮಷಿನ್ನಿನ ಹಿಂದೆ ನಡೆದು ಕಿವಿಯನ್ನು ಅದಕ್ಕೇ ಒಪ್ಪಿಸಿಬಿಟ್ಟಿದ್ದೇನೆ. ಮೊನ್ನೆ ಫೋನಿನಲ್ಲಿ ನೀನು ಏನೋ ಅಂದೆ, ನಾನು ‘ಒಳ್ಳೇದಾಯ್ತು ಬಿಡು’ ಅಂದೆ. ಆಮೇಲೆ ಸೊಸೆ ಹೇಳಿದಳು, ವ್ಯಾನು ಕೆಟ್ಟು ನಿಂತಿದೆ ಅಂದಿದ್ದೆಯಂತೆ. ಹಾಗಾಗಿ ಕಾಗದವೇ ವಾಸಿ.

ಮಗನ ಮನೆ ಮೂರನೇ ಮಹಡಿಯಲ್ಲಿದೆ. ಕಿಟಕಿ ತೆರೆದರೆ ಎದುರಿನ ಕಟ್ಟಡದವರು ಒಣಹಾಕಿದ ಬಟ್ಟೆ ಕಾಣುತ್ತದೆ. ಅಮ್ಮನಿಗೆ ಬೇಜಾರಾಗದಿರಲಿ ಎಂದು ಅವನು ಬಾಲ್ಕನಿಗೆ ಪ್ಲಾಸ್ಟಿಕ್ ಹುಲ್ಲು ಹಾಸಿಸಿದ್ದಾನೆ. ಸೊಸೆ ಅದಕ್ಕೆ ವಾರವಾರವೂ ವ್ಯಾಕ್ಯೂಮ್ ಹಾಕುತ್ತಾಳೆ. ಆ ಹುಲ್ಲಿನ ಮೇಲೆ ಕಾಲು ಚಾಚಿಕೊಂಡು ಈ ಕಾಗದ ಬರೆಯುತ್ತಿದ್ದೇನೆ, ನನ್ನ ಗತಿ ನೋಡು.

ನೀನು ಬಟ್ಟೆ ಅಂಗಡಿಯ ಕೌಂಟರ್ ಬಿಟ್ಟು ನನ್ನ ಜೊತೆ ಬಂದಾಗ ಗರಿಕೆ ಯಾವುದು ಕಳೆ ಯಾವುದು ಎಂದು ನಾನು ಹೇಳಿಕೊಡಬೇಕಿತ್ತು. ಈಗ ನನ್ನ ಅಷ್ಟೂ ಮನೆಗಳ ಲಾನು, ಬೇಲಿಗಿಡ ಎಲ್ಲ ನಿನ್ನ ಕೈಗೆ ಬಂದಿದೆ. ನಾನು ವಾಪಸ್ ಬರುವ ತನಕ ಮಾತ್ರ, ನೆನಪಿರಲಿ.

ಉಳಿದ ಮನೆಗಳನ್ನು ಹೇಗಾದರೂ ಮಾಡು. ಹಲ್ಲಿನ ಡಾಕ್ಟರಮ್ಮನ ಮನೆ ಮಾತ್ರ ಹುಷಾರು. ಅವರ ಹಿತ್ತಲಲ್ಲಿ ದೊಡ್ಡ ಮರದ ಕೆಳಗೆ ಹಾಸಿಗೆಯಷ್ಟು ಅಗಲ ಹುಲ್ಲೇ ಬಾರದ ಜಾಗವೊಂದಿದೆ. ಹಲ್ಲಿನವರಲ್ಲವೇ, ಅದಕ್ಕೆ ‘ಬೊಚ್ಚುಬಾಯಿ’ ಎಂದು ಹೆಸರಿಟ್ಟಿದ್ದಾರೆ. ಪ್ರತಿವರ್ಷ ಅಲ್ಲಿ ಮಣ್ಣು ಕೆದಕಿ, ನೆರಳಿಗೆ ಒಗ್ಗುವ ಬೀಜ ಹಾಕುತ್ತೇನೆ. ಮೊಳಕೆ ಬಂದು ಬೆರಳುದ್ದ ಆಗುತ್ತದೆ, ಆಮೇಲೆ ಸತ್ತು ನೆಲ ಮತ್ತೆ ಬೋಳಾಗುತ್ತದೆ. ಮೊದಲು ತಪ್ಪನ್ನು ಮರದ ಬೇರಿನ ಮೇಲೆ ಹಾಕಿದೆ, ಆಮೇಲೆ ಪಕ್ಕದ ಮನೆಯ ನಾಯಿಯ ಮೇಲೆ, ಹೋದ ವರ್ಷ ಬೀಜದ ಅಂಗಡಿಯವನ ಹತ್ತಿರ ಜಗಳವನ್ನೇ ಆಡಿ ಬಂದೆ.

ಈ ವರ್ಷವೂ ಹಾಕು. ಬರುವುದಿಲ್ಲ, ಆದರೂ ಹಾಕು. ಅದು ಮಷಿನ್ನಿಲ್ಲದೆ ಕೈಯಲ್ಲೇ ಮಾಡುವ ಕೆಲಸ, ಕೂತು ನಿಧಾನವಾಗಿ ಮಾಡಬೇಕು. ಡಾಕ್ಟರಮ್ಮ ಟೀ ತಂದುಕೊಟ್ಟು ಪಕ್ಕದಲ್ಲೇ ಕುರ್ಚಿ ಹಾಕಿಕೊಳ್ಳುತ್ತಾರೆ. ಬಾಯಿ ತೆರೆದುಕೊಂಡು ಸುಮ್ಮನೆ ಕೂತವರ ಜೊತೆ ಮಾತಾಡಿ ಅಭ್ಯಾಸವಾದವರು, ಹತ್ತಿರ ಬಾಗಿ ಬಿಡಿಸಿ ಬಿಡಿಸಿ ಮಾತಾಡುತ್ತಾರೆ, ನನಗೆ ಒಂದೊಂದು ಮಾತೂ ಕೇಳಿಸುತ್ತದೆ. ನೀನೂ ಹೂಂಗುಟ್ಟು. ಜಾಸ್ತಿ ಹಲ್ಲು ಕಿರಿಯಬೇಡ, ನಿನ್ನ ಹುಳುಕು ಅವರಿಗೆ ಕಾಣುತ್ತದೆ.

ನಿನ್ನ ಅಕ್ಕ


ಏಪ್ರಿಲ್ ೨೧

ಅಕ್ಕನಿಗೆ ನಮಸ್ಕಾರ.

ವ್ಯಾನು ಸರಿಯಾಯಿತು. ನೀನು ‘ಒಳ್ಳೇದಾಯ್ತು’ ಅಂದದ್ದಕ್ಕೇ ಸರಿಯಾಯಿತೋ ಏನೋ.

ಎಲ್ಲ ಮನೆಗಳಿಗೂ ಹೋಗಿ ಬಂದೆ. ನೀನು ಯಾವಾಗಲೂ ಗೇಟಿನಿಂದ ಮನೆಯ ಕಡೆಗೇ ಮಷಿನ್ ತಳ್ಳುತ್ತಿದ್ದೆ, ಹುಲ್ಲೆಲ್ಲ ಒಂದೇ ಕಡೆ ವಾಲಿಕೊಂಡಿತ್ತು. ಈ ಸಲ ಅಡ್ಡಡ್ಡ ತಳ್ಳಿದೆ. ಹುಲ್ಲು ನೆಟ್ಟಗೆ ನಿಂತು, ಪಟ್ಟೆ ಪಟ್ಟೆಯಾಗಿ ಎಷ್ಟು ಚೆನ್ನಾಗಿ ಕಾಣುತ್ತಿದೆ ಗೊತ್ತಾ? ಸಂಗೀತದ ಮೇಷ್ಟರು ಹೊರಗೆ ಬಂದು ನೋಡಿ, ‘ಇಷ್ಟು ದಿನ ಯಾಕಮ್ಮ ಹೀಗೆ ಮಾಡ್ತಿರಲಿಲ್ಲ?’ ಎಂದು ಕೇಳಿದರು. ಸುಮ್ಮನೆ ನಕ್ಕೆ.

ಡಾಕ್ಟರಮ್ಮನ ಬೊಚ್ಚುಬಾಯಿಗೆ ಬೀಜ ಹಾಕಿದ್ದೇನೆ. ಕುರ್ಚಿ ಅಡ್ಡವಾದೀತು ಎಂದುಕೊಂಡಿದ್ದೆ, ಅದನ್ನು ಆಗಲೇ ಗ್ಯಾರೇಜಿನಲ್ಲಿ ಮಡಚಿಟ್ಟಿದ್ದರು. ಟೀ ಕೊಟ್ಟರು. ಲಾನು ನೋಡಿ ‘ತುಂಬಾ ಚೆನ್ನಾಗಿದೆ’ ಅಂದರು.

ಮಂಡಿ ಮಡಚುವ ವ್ಯಾಯಾಮ ತಪ್ಪಿಸಬೇಡ.

ನಿನ್ನ ಪುಟ್ಟಿ


ಮೇ ೪

ಪುಟ್ಟಿ,

ಅಡ್ಡ ತಳ್ಳು ಎಂದು ನಿನಗೆ ಯಾರು ಹೇಳಿದರು? ನಾನು ಗೇಟಿನಿಂದ ಮನೆಯ ಕಡೆಗೆ ತಳ್ಳುತ್ತಿದ್ದುದಕ್ಕೆ ಕಾರಣವಿದೆ. ಏನು ಕಾರಣ ಎಂದು ಈಗ ನೆನಪಾಗುತ್ತಿಲ್ಲ, ಆದರೆ ಇದೆ. ಮೇಷ್ಟರಿಗೆ ಹೇಳು, ಹುಲ್ಲಿನ ವಿಷಯ ನಮಗೆ ಬಿಟ್ಟು ಅವರು ಶ್ರುತಿ ನೋಡಿಕೊಳ್ಳಲಿ ಅಂತ. ಬೇಡ, ಹೇಳಬೇಡ.

ಡಾಕ್ಟರಮ್ಮ ಯಾವ ಕಪ್ಪಿನಲ್ಲಿ ಟೀ ಕೊಟ್ಟರು? ನೀಲಿ ಕಪ್ಪಿನಲ್ಲೋ? ಹಿಡಿಯ ಹತ್ತಿರ ಸ್ವಲ್ಪ ಚಕ್ಕೆ ಎದ್ದಿದೆಯಲ್ಲ, ಅದು. ಸುಮ್ಮನೆ ಕೇಳಿದೆ. ಏನು ಮಾತಾಡಿದರು? ‘ತುಂಬಾ ಚೆನ್ನಾಗಿದೆ’ ಎಂದು ಅವರ ಬಾಯಲ್ಲಿ ಬಂತೇ? ನನಗೆ ಒಂದು ದಿನವೂ ಹೇಳಿದವರಲ್ಲ. ‘ಏನೇ, ಆ ಮೂಲೇಲಿ ಕಳೆ ಹಾಗೇ ಬಿಟ್ಟಿದೀಯಲ್ಲ, ಕಣ್ಣೂ ಹೋಯ್ತಾ?’ ಇದು ನನಗೆ ಸಿಗುತ್ತಿದ್ದ ಮರ್ಯಾದೆ.

ಇಲ್ಲಿ ಬಾಲ್ಕನಿಯ ಹುಲ್ಲು ಹಸಿರಾಗಿಯೇ ಇದೆ. ಅದು ಹಸಿರಾಗಿರುವುದಕ್ಕೆ ನಾನು ಏನೂ ಮಾಡಬೇಕಾಗಿಲ್ಲ.

ಅಕ್ಕ


ಮೇ ೧೯

ಅಕ್ಕಾ,

ನೀಲಿ ಕಪ್ಪಲ್ಲ, ಬಿಳಿ ಕಪ್ಪು. ಸಾಸರ್ ಸಮೇತ. ನನ್ನನ್ನು ‘ನೀವು’ ಎಂದೇ ಮಾತಾಡಿಸುತ್ತಾರೆ, ‘ನಿಮಗೆ ಸಕ್ಕರೆ ಎಷ್ಟು ಹಾಕಲಿ’ ಎಂದು ಕೇಳುತ್ತಾರೆ. ನಿನ್ನನ್ನು ಕೇಳುತ್ತಿದ್ದರೋ ಇಲ್ಲವೋ ಗೊತ್ತಿಲ್ಲ.

ನಿನಗೆ ಖುಷಿಯಾಗುವ ಸುದ್ದಿ ಇದೆ. ಬೊಚ್ಚುಬಾಯಿಯಲ್ಲಿ ಮೊಳಕೆ ಬಂದಿದೆ! ಒಂದೊಂದೇ ಅಲ್ಲ, ಒತ್ತೊತ್ತಾಗಿ.

ಪುಟ್ಟಿ


ಮೇ ೨೭

ಪುಟ್ಟಿ,

ಮೊಳಕೆ ನನಗೂ ಬರುತ್ತಿತ್ತು. ಮೊಳಕೆ ಬರುವುದು ದೊಡ್ಡ ವಿಷಯವಲ್ಲ. ಬೆರಳುದ್ದ ಆದ ಮೇಲೆ ಹೇಳು.

ಸಕ್ಕರೆ ಎಷ್ಟೆಂದು ನನ್ನನ್ನು ಅವರು ಯಾವತ್ತೂ ಕೇಳಿಲ್ಲ. ತಾವೇ ಹಾಕಿ ಕೊಡುತ್ತಿದ್ದರು.

ಅಕ್ಕ


ಜೂನ್ ೨೨

ಅಕ್ಕನಿಗೆ,

ಬೆರಳುದ್ದ ದಾಟಿತು. ಪಾದ ಮುಚ್ಚುವಷ್ಟು ಬೆಳೆಯಿತು. ಮಳೆ ಬಿದ್ದ ಮೇಲೆ ಇನ್ನೂ ಜೋರು. ಈ ವಾರ ಬ್ಲೇಡನ್ನು ಎತ್ತರಕ್ಕಿಟ್ಟು ಮೊದಲ ಸಲ ಬೊಚ್ಚುಬಾಯಿಯ ಮೇಲೆ ಮಷಿನ್ ತಳ್ಳಿದೆ. ಎಲ್ಲಿ ಬೋಳಿತ್ತು ಎಂದು ಈಗ ನಿನಗೇ ತೋರಿಸಲಿಕ್ಕಾಗದು. ಪಕ್ಕದ ಮನೆಯವರು ಬೇಲಿಯ ಮೇಲಿಂದ ಇಣುಕಿ, ‘ಅಕ್ಕನಿಗಿಂತ ತಂಗಿ ಕೈಗುಣ ಚೆನ್ನಾಗಿದೆಯಲ್ರೀ’ ಅಂದರು. ತಮ್ಮ ಲಾನನ್ನೂ ನನಗೇ ಕೊಡುತ್ತಾರಂತೆ. ನೀನು ಅವರ ನಾಯಿಯನ್ನು ಬೈಯುತ್ತಿದ್ದೆ ಎಂದು ಇಷ್ಟು ದಿನ ಕೊಟ್ಟಿರಲಿಲ್ಲವಂತೆ.

ಅಕ್ಕಾ, ನಾನು ಹೇಳುವುದನ್ನು ತಪ್ಪು ತಿಳಿಯಬೇಡ. ಚಿಕ್ಕವಳಿದ್ದಾಗಿನಿಂದ ನಾನು ನೀನು ಬಿಟ್ಟ ಬಟ್ಟೆ ಹಾಕಿಕೊಂಡವಳು, ನೀನು ಓದಿ ಬಿಟ್ಟ ಪುಸ್ತಕ ಓದಿದವಳು. ಈ ಕೆಲಸವೂ ನೀನು ಕೊಟ್ಟಿದ್ದೇ. ನಿನ್ನಿಂದ ಮಾಡಲಾಗದ್ದು ಒಂದು ನನ್ನ ಕೈಯಲ್ಲಿ ಆಯಿತಲ್ಲ, ಹೋಗುವಾಗ ಬರುವಾಗ ವ್ಯಾನು ನಿಲ್ಲಿಸಿ ನೋಡಿಕೊಂಡು ಬರುತ್ತೇನೆ.

ಪುಟ್ಟಿ


ಜುಲೈ ೧

ತಂಗಿಗೆ,

ಡಾಕ್ಟರಮ್ಮನ ಮನೆಯ ಕೆಲಸ ಬಿಟ್ಟುಬಿಡು. ಬೇರೆ ಎಲ್ಲ ಮನೆ ನೀನೇ ಇಟ್ಟುಕೋ, ಮೇಷ್ಟರನ್ನೂ ಇಟ್ಟುಕೋ, ನಾಯಿಯವರನ್ನೂ ಇಟ್ಟುಕೋ. ಅದೊಂದು ಬೇಡ. ನಾನು ಬರುವಷ್ಟರಲ್ಲಿ ಅಲ್ಲಿ ಹುಲ್ಲು ಸೊಂಟದೆತ್ತರ ಬೆಳೆದರೂ ಪರವಾಗಿಲ್ಲ.

ಹೌದು, ಹೊಟ್ಟೆಕಿಚ್ಚು. ಬಾಯಿಬಿಟ್ಟು ಹೇಳಲು ನಾಚಿಕೆಯಾಗುತ್ತದೆ, ಕಾಗದದಲ್ಲಿ ಆಗುವುದಿಲ್ಲ. ರಾತ್ರಿ ಊಟಕ್ಕೆ ಕೂತರೆ ನೀವಿಬ್ಬರೂ ಮರದಡಿ ಕೂತು ಟೀ ಕುಡಿಯುತ್ತಿರುವುದೇ ಕಣ್ಣಮುಂದೆ ಬರುತ್ತದೆ. ಗಂಡ ತೀರಿಕೊಂಡ ವರ್ಷ ಅವರು ಮಾತೇ ಬಿಟ್ಟಿದ್ದರು. ಮತ್ತೆ ಬಾಯಿಬಿಟ್ಟಿದ್ದು ಆ ಜಾಗದಲ್ಲಿ, ನಾನು ಬೀಜ ಹಾಕುತ್ತಿದ್ದಾಗ. ಅಂಥ ಕಡೆ ನೀನು ಹೋಗಿ ಸಾಸರ್ ಸಮೇತ ಕೂತಿದ್ದೀಯ.

ನನ್ನ ಸೀರೆ ಉಟ್ಟುಕೊಂಡೆ, ಸರಿ. ಇದನ್ನು ಬಿಡು.

ಅಕ್ಕ


ಜುಲೈ ೯

ಅಕ್ಕಾ,

ಬಿಡುವುದಿಲ್ಲ.

ಬಿಸಿಲಲ್ಲಿ ಮಷಿನ್ ತಳ್ಳುವುದಕ್ಕೆ ತಂಗಿ ಬೇಕು, ಹೊಗಳಿಸಿಕೊಳ್ಳುವ ಹೊತ್ತಿಗೆ ಬೇಡವೇ? ಆ ಹುಲ್ಲು ಸತ್ತುಹೋಗಲಿ ಎಂದು ನೀನು ಅಲ್ಲಿ ಕೂತು ಕಾಯುತ್ತಿದ್ದೆ ಅಲ್ಲವಾ? ನಿಜ ಹೇಳು.

ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯಾ? ಇಷ್ಟಕ್ಕೆ ಉತ್ತರ ಬರೆದರೆ ಸಾಕು.

ಪುಟ್ಟಿ


ಆಗಸ್ಟ್ ೧೨

ಪುಟ್ಟಿಗೆ ಆಶೀರ್ವಾದ.

ಒಂದು ತಿಂಗಳು ಕಾಗದ ಬರೆಯಲಿಲ್ಲ. ಬರೆದು ಹರಿದು ಹಾಕಿದ್ದನ್ನು ಲೆಕ್ಕಕ್ಕೆ ಹಿಡಿಯಬೇಡ. ಎಣ್ಣೆ ಹಚ್ಚಿಕೊಳ್ಳುತ್ತಿದ್ದೇನೆ. ಈಗ ಮೆಟ್ಟಿಲು ಹತ್ತಿ ಇಳಿಯುತ್ತೇನೆ, ಕೋಲು ಬೇಕಾಗಿಲ್ಲ.

ಸತ್ತುಹೋಗಲಿ ಎಂದು ಕಾಯುತ್ತಿದ್ದೆಯಾ ಎಂದು ನೀನು ಕೇಳಿದ್ದೆ. ಹೌದು, ಕಾಯುತ್ತಿದ್ದೆ. ನಾನೇ ಹಾಕಿದ ಬೀಜವಲ್ಲ ಎಂಬ ಒಂದೇ ಕಾರಣಕ್ಕೆ.

ಹೋದ ವಾರ ವಾಪಸ್ ಹೊರಡುವ ಮಾತೆತ್ತಿದೆ. ಮಗ ಹೇಳಿದ, ‘ಚಿಕ್ಕಮ್ಮ ಎಲ್ಲಾ ಚೆನ್ನಾಗಿ ನೋಡ್ಕೊಳ್ತಿದ್ದಾರಲ್ಲಮ್ಮ. ನೀನ್ಯಾಕೆ ಮತ್ತೆ ಹೋಗಿ ಮಂಡಿ ಹಾಳು ಮಾಡ್ಕೋತೀಯಾ? ಇಲ್ಲೇ ಇದ್ಬಿಡು.’ ಸೊಸೆಯೂ ಅದನ್ನೇ ಹೇಳಿದಳು, ಪ್ರೀತಿಯಿಂದಲೇ ಹೇಳಿದಳು. ನಾನಿಲ್ಲದಿದ್ದರೆ ಹಾಳಾಗುವ ಲಾನು ಒಂದಾದರೂ ಇದ್ದಿದ್ದರೆ ಜಗಳ ಆಡಬಹುದಿತ್ತು. ಬೊಚ್ಚುಬಾಯಿಗೂ ಹಲ್ಲು ಬಂದ ಮೇಲೆ ಅಲ್ಲಿ ನನಗೇನು ಕೆಲಸ?

ಇಲ್ಲೇ ಇರುತ್ತೇನೆ ಎಂದಿದ್ದೇನೆ. ಮಷಿನ್ನು, ವ್ಯಾನು, ಉದ್ದ ಹಿಡಿಯ ಕತ್ತರಿ ಎಲ್ಲ ನೀನೇ ಇಟ್ಟುಕೋ. ಬೇಲಿಗಿಡದ ಕತ್ತರಿಗೆ ಸಾಣೆ ಹಿಡಿಸುವಾಗ ಪಕ್ಕದಲ್ಲೇ ನಿಂತಿರು, ಇಲ್ಲದಿದ್ದರೆ ಅದರ ಬಾಯಿ ಸೊಟ್ಟ ಮಾಡುತ್ತಾರೆ. ಡಾಕ್ಟರಮ್ಮನಿಗೆ ನೀನೇ ಹೇಳಿಬಿಡು. ನಾನು ಹೇಳಿದರೆ ಅವರು ‘ಹೌದಾ, ಸರಿ’ ಅಂದುಬಿಟ್ಟಾರು ಎಂದು ಭಯ.

ನಿನ್ನ ಅಕ್ಕ


ಆಗಸ್ಟ್ ೨೦

ಅಕ್ಕನಿಗೆ,

ಈ ಕಾಗದ ಬರೆಯದಿದ್ದರೆ ನನಗೇ ಲಾಭವಿತ್ತು. ಬರೆಯಲೋ ಬೇಡವೋ ಎಂದು ಬಹಳ ಯೋಚನೆ ಮಾಡಿದೆ.

ನಿನ್ನ ಕಾಗದ ಬಂದ ಮರುದಿನವೇ ಡಾಕ್ಟರಮ್ಮನ ಮನೆಯ ಸರದಿ. ಕೆಲಸ ಮುಗಿಸಿ ಅಡಿಗೆಮನೆಯ ಕಿಟಕಿ ತಟ್ಟಿದೆ. ‘ಅಕ್ಕ ಇನ್ನು ಬರಲ್ವಂತೆ. ಮಗನ ಮನೇಲೇ ಇರ್ತಾಳಂತೆ. ಇನ್ಮೇಲೆ ನಾನೇ’ ಅಂದೆ. ಹೇಳುವಾಗ ಒಳಗೊಳಗೇ ಖುಷಿಯಿತ್ತು, ಸುಳ್ಳು ಯಾಕೆ ಹೇಳಲಿ.

ಅವರು ಬಾಗಿಲು ತೆಗೆದು ಹಿತ್ತಲಿಗೆ ಬಂದರು. ನಾನು ಕೆಲಸಕ್ಕೆ ಹೋಗಲು ಶುರುಮಾಡಿದ ಮೇಲೆ ಅವರು ಹೊರಗೆ ಬಂದದ್ದು ಅದೇ ಮೊದಲು. ನಿನಗೆ ಇದನ್ನು ನಾನು ಬರೆದಿರಲಿಲ್ಲ. ನೇರವಾಗಿ ಮರದ ಹತ್ತಿರ ಹೋಗಿ ಹುಲ್ಲನ್ನು ನೋಡುತ್ತಾ ನಿಂತರು. ಹೊಗಳುತ್ತಾರೆ ಎಂದು ನಾನು ಸೆರಗಲ್ಲಿ ಬೆವರು ಒರೆಸಿಕೊಂಡು ಪಕ್ಕಕ್ಕೆ ಹೋಗಿ ನಿಂತೆ.

‘ಇದು ಬೆಳೆದುಬಿಡ್ತಲ್ಲ, ಅದಕ್ಕೇ ಅವಳು ಬರಲ್ಲ’ ಅಂದರು.

ಆಮೇಲೆ, ‘ಗ್ಯಾರೇಜಿಂದ ಆ ಕುರ್ಚಿ ಸ್ವಲ್ಪ ತಂದುಕೊಡ್ತೀರಾ?’ ಅಂದರು. ತಂದುಕೊಟ್ಟೆ. ಸರಿಯಾಗಿ ಬೊಚ್ಚುಬಾಯಿಯ ನಡುವೆ ಹಾಕಿಸಿಕೊಂಡು ಕೂತರು. ಕೂತು ಚಪ್ಪಲಿಕಾಲನ್ನು ಹುಲ್ಲಿನ ಮೇಲೆ ಹಿಂದಕ್ಕೂ ಮುಂದಕ್ಕೂ ಉಜ್ಜತೊಡಗಿದರು. ನನ್ನ ಕಣ್ಣೆದುರಿಗೇ ಎಸಳು ಕಿತ್ತುಬಂತು.

‘ಅಯ್ಯೋ ಅಮ್ಮ, ಹುಲ್ಲು ಹೋಗುತ್ತೆ!’

‘ಹೋಗ್ಲಿ ಅಂತಾನೇ.’

ಅಕ್ಕಾ, ಬೇರಿನದ್ದೂ ತಪ್ಪಲ್ಲ, ನಾಯಿಯದ್ದೂ ತಪ್ಪಲ್ಲ, ಬೀಜದ ಅಂಗಡಿಯವನದ್ದೂ ಅಲ್ಲ. ಪ್ರತಿವರ್ಷ ಹುಲ್ಲನ್ನು ಸಾಯಿಸುತ್ತಿದ್ದವರು ಅವರೇ. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ: ‘ಬೇರೆ ದಿನ ಅವಳ ಕಿವಿ ಮಷಿನ್ನಿಗೆ, ನನ್ನ ಮಾತು ಗಾಳಿಗೆ. ಬೀಜ ಹಾಕೋ ದಿನ ಮಾತ್ರ ಮಷಿನ್ ಬಂದ್. ಮಣ್ಣು ಕೆದಕ್ತಾ ಕೂರ್ತಾಳೆ, ನಾನು ಹೇಳಿದ್ದೆಲ್ಲ ಕೇಳಿಸ್ಕೋತಾಳೆ. ಹುಲ್ಲು ಬಂದ್ಬಿಟ್ರೆ ಅಲ್ಲೂ ಮಷಿನ್ ತಳ್ಕೊಂಡು ಹೊರಟೇ ಹೋಗ್ತಾಳಲ್ಲ? ಅದಕ್ಕೆ ಬೆರಳುದ್ದ ಆಗ್ಲಿ ಅಂತ ಕಾಯ್ತಿದ್ದೆ. ಆಮೇಲೆ ದಿನಾ ಬೆಳಗ್ಗೆ ಪೇಪರ್ ಓದೋಕೆ ಕುರ್ಚಿ ಇಲ್ಲೇ. ಪಾಪ, ಅವಳು ನಾಯೀನ ಬೈಯೋಳು. ನಂಗೆ ನಗು ತಡ್ಕೊಳ್ಳೋಕಾಗ್ತಿರಲಿಲ್ಲ.’

‘ಮತ್ತೆ ಈ ವರ್ಷ ಯಾಕೆ ಕುರ್ಚಿ ಹಾಕಲಿಲ್ಲ?’ ಎಂದು ಕೇಳಿದೆ. ಕೇಳಬಾರದಿತ್ತು.

‘ಈ ವರ್ಷ ಯಾಕೆ ಹಾಕ್ಲಿ? ಅವಳು ಇರಲಿಲ್ಲವಲ್ಲ.’

ಅವರು ಮನಸ್ಸಿನಲ್ಲಿ ಏನೂ ಇಟ್ಟುಕೊಂಡು ಹೇಳಿದ್ದಲ್ಲ. ನಾನು ಅಲ್ಲಿ ನಿಂತಿದ್ದೇನೆ ಎನ್ನುವುದೇ ಅವರಿಗೆ ಮರೆತುಹೋಗಿತ್ತು.

ಈಗ ಉಳಿದದ್ದನ್ನೂ ಹೇಳಿಬಿಡುತ್ತೇನೆ. ನೀನು ಊಟಕ್ಕೆ ಕೂತಾಗ ಕಂಡದ್ದೆಲ್ಲ ಸುಳ್ಳು. ನನಗೆ ಟೀ ಬರುತ್ತಿದ್ದುದು ಕಿಟಕಿಯಲ್ಲಿ. ಬಿಳಿ ಕಪ್ಪನ್ನು ಸಾಸರ್ ಸಮೇತ ಕಿಟಕಿಯ ಕಟ್ಟೆಯ ಮೇಲೆ ಇಡುತ್ತಿದ್ದರು, ನಾನು ವ್ಯಾನಿಗೆ ಒರಗಿಕೊಂಡು ಕುಡಿದು ಅಲ್ಲೇ ಇಟ್ಟು ಬರುತ್ತಿದ್ದೆ. ನಲ್ಲಿ ರಿಪೇರಿಗೆ ಬಂದವರಿಗೂ ಅದೇ ಕಪ್ಪು. ‘ತುಂಬಾ ಚೆನ್ನಾಗಿದೆ’ ಅಂದದ್ದೂ ಕಿಟಕಿಯಿಂದಲೇ. ನಲ್ಲಿಯವರನ್ನೂ ‘ನೀವು’ ಎಂದೇ ಕರೆಯುತ್ತಾರೆ. ನಿನ್ನ ನೀಲಿ ಕಪ್ಪು ಕಪಾಟಿನಲ್ಲಿ ಬೋರಲು ಹಾಕಿದೆ, ಕಿಟಕಿಯಿಂದ ಕಾಣುತ್ತದೆ. ಅದನ್ನು ಅವರು ಯಾರಿಗೂ ತೆಗೆದದ್ದು ನಾನು ನೋಡಿಲ್ಲ.

ಬೊಚ್ಚುಬಾಯಿಯಲ್ಲಿ ಹುಲ್ಲು ಬಂದದ್ದು ನನ್ನ ಕೈಗುಣದಿಂದಲ್ಲ. ನನಗಾಗಿ ಯಾರೂ ಅಲ್ಲಿ ಕುರ್ಚಿ ಹಾಕಲಿಲ್ಲ, ಅಷ್ಟೇ. ವ್ಯಾನು ನಿಲ್ಲಿಸಿ ನಿಲ್ಲಿಸಿ ನಾನು ನೋಡುತ್ತಿದ್ದುದು ಅದನ್ನೇ.

ಹೊಟ್ಟೆ ಉರಿಯುತ್ತದೆ ಅಕ್ಕಾ. ನಿನಗೆ ಹುಲ್ಲಿನ ಮೇಲೆ ಉರಿದದ್ದಕ್ಕಿಂತ ಜಾಸ್ತಿ. ನಾನು ವಾರಪೂರ್ತಿ ಕೆಲಸ ಮಾಡುವ ಯಾವ ಮನೆಯಲ್ಲೂ, ನಾನು ಮತ್ತೆ ಬರಲಿ ಎಂದು ಯಾರೂ ಏನನ್ನೂ ಹಾಳು ಮಾಡಿಕೊಂಡಿಲ್ಲ.

ಕುರ್ಚಿಯನ್ನು ಅಲ್ಲೇ ಬಿಟ್ಟು ಬಂದಿದ್ದೇನೆ. ನಿನ್ನೆ ನೋಡಿದೆ, ಅದರ ಕಾಲಿನ ಕೆಳಗೆ ಹುಲ್ಲು ಆಗಲೇ ಹಳದಿಯಾಗುತ್ತಿದೆ.

ನಿನ್ನ ಪುಟ್ಟಿ


ಆಗಸ್ಟ್ ೨೭

ನನ್ನ ಪುಟ್ಟಿಗೆ,

ನಿನ್ನ ಕಾಗದ ನೋಡಿ ಖುಷಿಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಸೊಸೆಗೆ ಓದಿ ಹೇಳಿದೆ, ಮಗ ಆಫೀಸಿನಿಂದ ಬಂದ ಮೇಲೆ ಅವನಿಗೂ ಓದಿ ಹೇಳಿದೆ. ‘ನೋಡೋ, ಇಷ್ಟು ವರ್ಷ ನನ್ನ ಕೆಲಸವನ್ನು ಬೇಕುಬೇಕೆಂದೇ ಕೆಡಿಸಿದ್ದಾರೆ!’ ಎಂದು ಕುಣಿದಾಡುವುದೊಂದು ಬಾಕಿ. ಅವನು ನನ್ನ ಮುಖ ನೋಡಿ ಬಸ್ಸಿನ ಟಿಕೆಟ್ ಹುಡುಕತೊಡಗಿದ.

ಕಿಟಕಿಯ ಟೀಯ ಭಾಗ ಬಂದಾಗ ಓದುವುದನ್ನು ನಿಲ್ಲಿಸಿದೆ. ಅದನ್ನು ಅವರಿಬ್ಬರಿಗೂ ಓದಲಿಲ್ಲ. ಅದು ನನಗೆ ಬರೆದದ್ದು. ಬಾಲ್ಕನಿಗೆ ಹೋಗಿ ಒಬ್ಬಳೇ ಮತ್ತೆ ಓದಿದೆ. ನೀನು ನನಗೆ ಇದನ್ನು ಹೇಳದೆ ಇರಬಹುದಿತ್ತು. ನಿನ್ನ ಜಾಗದಲ್ಲಿ ನಾನಿದ್ದಿದ್ದರೆ ಹೇಳುತ್ತಿರಲಿಲ್ಲ. ಇದು ನಿನಗೆ ಗೊತ್ತಿರಲಿ.

ಬರುವ ಬುಧವಾರ ಬರುತ್ತೇನೆ. ಮಷಿನ್ನು ಇನ್ನು ನನ್ನಿಂದಾಗದು, ಅದನ್ನು ನೀನೇ ತಳ್ಳು, ಅಡ್ಡಡ್ಡವೇ ತಳ್ಳು. ಮೇಷ್ಟರು ಹೇಳಿದ್ದು ಸರಿ. ಕೂತು ಮಾಡುವ ಕೈಕೆಲಸ ನನಗಿರಲಿ. ಆ ನಾಯಿಗೆ ನನ್ನ ಲೆಕ್ಕದಲ್ಲಿ ಒಂದು ಬಿಸ್ಕತ್ತು ಹಾಕು.

ಇನ್ನೊಂದು ಮಾತು, ಸರಿಯಾಗಿ ಕೇಳು. ಡಾಕ್ಟರಮ್ಮನ ಗೇಟಿನ ಪಕ್ಕ, ದಾಸವಾಳದ ಕೆಳಗೆ ಒಂದು ಮೂಲೆ ಇದೆ. ನಾನು ಬರುವಷ್ಟರಲ್ಲಿ ನೀನು ಅಲ್ಲಿಯ ಹುಲ್ಲನ್ನು ಸ್ವಲ್ಪ ಕೆರೆದು ಬೋಳು ಮಾಡಿಡು. ಯಾರಾದರೂ ಕೇಳಿದರೆ ನೆರಳು ಜಾಸ್ತಿ ಎನ್ನು, ನಾನೂ ಹೌದು ಎನ್ನುತ್ತೇನೆ. ಅಲ್ಲಿಗೆ ನಾನು ಬೀಜ ಹಾಕುವುದಿಲ್ಲ, ನೀನೇ ಹಾಕಬೇಕು. ಮಷಿನ್ ಆಫ್ ಮಾಡಿ, ನೆಲದ ಮೇಲೆ ಕೂತು, ನಿಧಾನವಾಗಿ. ಟೀಗೆ ಕಿಟಕಿಯ ಹತ್ತಿರ ಹೋಗಬೇಡ. ಕೂತೇ ಇರು, ಅವರು ತರುತ್ತಾರೆ. ಮೊದಲ ವರ್ಷ ಮಾತಾಡದಿದ್ದರೂ ಎದ್ದು ಬರಬೇಡ, ನನ್ನ ಹತ್ತಿರವೂ ಮೊದಲು ಬರೀ ಹವಾಮಾನದ ಮಾತೇ ಆಡುತ್ತಿದ್ದರು. ‘ಏನೇ’ ಎಂದು ಬೈದ ದಿನ ನನಗೆ ಬಂದು ಹೇಳು.

ಅದು ಪೂರ್ತಿ ನಿನ್ನದು, ನಾನು ಆ ಕಡೆ ತಲೆ ಹಾಕುವುದಿಲ್ಲ.

ಆದರೆ ನನ್ನ ಬೊಚ್ಚುಬಾಯಿಗಿಂತ ಚಿಕ್ಕದಿರಲಿ.

ನಿನ್ನ ಅಕ್ಕ